ಸತ್ಯಪ್ಪ ಎಣಿಸಿದ ಹರೆಯದ ಊರು

ಸತ್ಯಪ್ಪ ತೀರಿಕೊಂಡು ಇಪ್ಪತ್ತಮೂರು ದಿನಗಳಾದವು. ಸಾಂಗ್ಲಿವಾಡಿಯ ಅವನ ಕೋಣೆಯನ್ನು ನಿನ್ನೆ ಖಾಲಿ ಮಾಡಿದೆ. ಒಂದು ಸ್ಟೋವು, ನಾಲ್ಕು ಪಾತ್ರೆ, ಒಂದು ಕಂಬಳಿ, ಹದಿನಾಲ್ಕು ಪುಸ್ತಕ. ಬಾಗಿಲಿನ ಮೇಲೆ ಜನಗಣತಿಯವರು ಮನೆಪಟ್ಟಿಗಾಗಿ ಬರೆದ ಅಂಕಿ ಇನ್ನೂ ಅಳಿಸಿಹೋಗಿರಲಿಲ್ಲ. ಅವರು ಜನರನ್ನು ಎಣಿಸಲು ಮತ್ತೆ ಬರುವ ಮೊದಲೇ ಇವನು ಹೋಗಿದ್ದ. ಪುಸ್ತಕಗಳ ಹಿಂದೆ ಹಳೆಯ ಟವೆಲಿನಲ್ಲಿ ಸುತ್ತಿದ ಉದ್ದನೆಯ ಕಾಗದದ ಸುರುಳಿಯೊಂದಿತ್ತು. ಅದನ್ನು ಬಿಚ್ಚದೆಯೇ ಏನೆಂದು ನನಗೆ ಗೊತ್ತಾಯಿತು. ಅವನು ಅದನ್ನು ಸುಟ್ಟುಹಾಕಿರಬಹುದು ಎಂದುಕೊಂಡಿದ್ದೆ.

ಅವನ ಬಗ್ಗೆ ಬರೆಯಲು ಬೇರೆ ಯಾರೂ ಇಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಸತ್ಯಪ್ಪ ಇಂಡಿ ಕಡೆಯವನು. ಎಪ್ಪತ್ತೆರಡರ ಬರಗಾಲದಲ್ಲಿ, ಮೆಟ್ರಿಕ್ ಮುಗಿಸಿದ ಇಪ್ಪತ್ತು ವರ್ಷದ ಹುಡುಗ, ಸಾಂಗ್ಲಿ ಪಕ್ಕದ ಕುಪವಾಡಕ್ಕೆ ಬಂದ. ಅಲ್ಲಿ ಆಗಷ್ಟೇ ಒಂದು ಸಹಕಾರಿ ನೂಲಿನ ಗಿರಣಿ ಶುರುವಾಗಿತ್ತು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈಗ ಅಲ್ಲಿ ಗಿರಣಿಯೂ ಇಲ್ಲ. ಓದು ಬರಹ ಬಲ್ಲವನೆಂದು ಅವನನ್ನು ಹಾಜರಿ ಕಾರಕೂನನಾಗಿ ತೆಗೆದುಕೊಂಡರು. ಕೆಲಸಗಾರರ ಚಾಳಿನಲ್ಲಿ ಜಟ್ಟೆಪ್ಪ ಮತ್ತು ಕೆಂಪವ್ವ ಎಂಬ ಗಂಡ ಹೆಂಡತಿ ಇದ್ದರು. ಅವರೂ ಅದೇ ಸೀಮೆಯವರು. ಬಂದ ದಿನವೇ ಕೆಂಪವ್ವ ಇವನಿಗೆ ರೊಟ್ಟಿ ಹಾಕಿದಳು. ಮುಂದೆ ಏಳು ವರ್ಷ ಅವನು ಅವಳ ಕೈಯಲ್ಲೇ ಉಂಡ. ಅವಳನ್ನು ಮಾವಶಿ ಎಂದ, ಜಟ್ಟೆಪ್ಪನನ್ನು ಕಾಕಾ ಎಂದ. ಅವಳು ಇವನನ್ನು ಸತ್ಯಾ ಎಂದು ಕರೆಯುತ್ತಿದ್ದಳು. ತನ್ನ ಅಕ್ಕನ ಮಗಳು ಚಂದ್ರಭಾಗಾಳನ್ನು ಇವನಿಗೇ ಕೊಡುವುದೆಂದು ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಅದು ಚಾಳಿಗೆಲ್ಲ ಗೊತ್ತಿತ್ತು.

ನಮ್ಮದು ಮಿರಜ. ಸಾಂಗ್ಲಿ ಪೇಟೆಯಲ್ಲಿ ಅಜ್ಜನ ಕಾಲದಿಂದ ಅರಿಶಿನದ ಅಡತಿ ಅಂಗಡಿ. ಅಂಗಡಿ ಮುಚ್ಚಿದ ಮೇಲೆ ನಾನು ವಾಚನಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಇವನು ಮೂಲೆಯ ಬೆಂಚಿನ ಮೇಲೆ ಒಂದು ಇಂಗ್ಲಿಷ್ ಪುಸ್ತಕ ಹಿಡಿದು, ಪ್ರತಿ ಸಾಲಿಗೂ ಬೆರಳಿಟ್ಟು ಓದುತ್ತಿದ್ದ. ಊರು, ಪಟ್ಟಣಗಳ ಜನರನ್ನು ವಯಸ್ಸಿನ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದ ಚಿತ್ರಗಳು ಅದರಲ್ಲಿದ್ದವು. ತಳದಲ್ಲಿ ಕೂಸುಗಳು, ತುದಿಯಲ್ಲಿ ಮುದುಕರು. ಕೆಲವು ಊರುಗಳ ಚಿತ್ರ ಗೋಪುರದಂತೆ, ಕೆಲವು ನೆಟ್ಟಗೆ ಕಂಬದಂತೆ. ದುಡಿಯಲು ಜನ ಬಂದು ಸೇರುವ ಪಟ್ಟಣಗಳದ್ದು ನಡು ಉಬ್ಬಿದ ಹರವಿಯಂತೆ.

"ನೋಡ್ರಿ," ಎಂದು ಪರಿಚಯವೇ ಇಲ್ಲದ ನನಗೆ ಪುಸ್ತಕ ತಿರುಗಿಸಿ ತೋರಿಸಿದ. "ಒಂದ ಊರ ಹರೇದ್ದಾಗೂದು ಎರಡ ರೀತಿಲೆ. ಕೂಸ ಭಾಳ ಹುಟ್ಟಬೇಕು, ಇಲ್ಲಾ ಹರೇದವ್ರು ಹೊರಗಿಂದ ಭಾಳ ಬರಬೇಕು. ನಮ್ಮ ಕುಪವಾಡದಾಗ ಎರಡೂ ಅದಾವು. ನಾವು ಎಣಿಸಿದ್ರ ಮುಂಬಯಿಗಿಂತ ಹರೇದ್ದು ಬರತೈತಿ, ಬೇಕಾರ ಪೈಜ್ ಕಟ್ಟತೇನಿ."

ನಾನು ನಕ್ಕೆ. ಅಂದಿನಿಂದ ನಾವು ಗೆಳೆಯರು. ಒಂದು ವಾರದೊಳಗೆ 'ರಿ' ಬಿದ್ದುಹೋಗಿ 'ಏ ಕಲ್ಲಯ್ಯಾ' ಎನ್ನುವಷ್ಟಾದೆವು.

ಎಪ್ಪತ್ತೊಂಬತ್ತರಲ್ಲಿ ಎಣಿಸುವ ಅವಕಾಶ ತಾನಾಗಿ ಬಂತು. ಚಾಳಿನ ಮಕ್ಕಳಿಗೆ ಹತ್ತಿರದಲ್ಲಿ ಶಾಲೆಯಿರಲಿಲ್ಲ. ಕನ್ನಡ ಶಾಲೆಯೊಂದು ಬೇಕೆಂದು ಕೆಲಸಗಾರರು ಗಿರಣಿಯ ಚೇರ್ಮನ್ ಬಾಪೂಸಾಹೇಬರನ್ನು ಕೇಳಿದರು. ಸಹಕಾರಿ ಸಂಘದ ಮೀಟಿಂಗಿನಲ್ಲಿ ಮರಾಠಿಯಲ್ಲಿ ಭಾಷಣ ಮಾಡುತ್ತಿದ್ದ ಅವರು ಕೆಲಸಗಾರರ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ಎಷ್ಟು ಮಕ್ಕಳಿದ್ದಾರೆ, ಯಾವ ವಯಸ್ಸಿನವರು, ಅದನ್ನೆಲ್ಲ ಮನೆಮನೆಗೆ ಹೋಗಿ ಬರೆದುಕೊಂಡು ಬಾ ಎಂದು ಸತ್ಯಪ್ಪನಿಗೆ ಹೇಳಿದರು. ಅವನು ಹಿಗ್ಗಿ ಹೋದ. ಮಕ್ಕಳನ್ನಷ್ಟೇ ಬರೆದುಕೊಂಡರೆ ಚಿತ್ರ ಪೂರಾ ಆಗುವುದಿಲ್ಲ, ದೊಡ್ಡವರನ್ನೂ ಎಣಿಸುತ್ತೇನೆ ಎಂದು ತಾನೇ ಹೇಳಿ ಒಪ್ಪಿಸಿದ.

ದೊಡ್ಡವರ ವಯಸ್ಸನ್ನು ಹಿಡಿಯುವುದು ಸುಲಭವಿರಲಿಲ್ಲ. ಗಿರಣಿಯ ಕಾಗದದಲ್ಲಿ ಎಲ್ಲರೂ ಹರೆಯದವರೇ. ಹರಿದ ಎಳೆಯನ್ನು ಕಣ್ಣಿಗೆ ಕಂಡ ಕೂಡಲೇ ಗಂಟು ಹಾಕಬೇಕಾದ ಕೆಲಸ. ಅದಕ್ಕೆ ಎಳೆಯ ಕಣ್ಣು, ಎಳೆಯ ಬೆರಳೇ ಬೇಕೆಂದು ಗಿರಣಿಯವರ ಹಟ. ಆದ್ದರಿಂದ ಕೆಲಸಕ್ಕೆ ಸೇರುವಾಗ ನಲವತ್ತರ ಹತ್ತಿರದವನು ಮೂವತ್ತು ಎನ್ನುತ್ತಿದ್ದ, ಹದಿನಾರರ ಹುಡುಗ ಹದಿನೆಂಟು ಎನ್ನುತ್ತಿದ್ದ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೆದಕಿಯೂ ಕೇಳುತ್ತಿರಲಿಲ್ಲ.

ಸತ್ಯಪ್ಪ ಒಂದು ಉಪಾಯ ಮಾಡಿದ. ಅಂಗಡಿಯ ಪೊಟ್ಟಣದ ಕಾಗದಗಳನ್ನು ಅಂಟಿಸಿ ಉದ್ದನೆಯ ಸುರುಳಿ ಮಾಡಿ, ಅದರ ಮೇಲೆ ವರ್ಷಗಳ ಬದಲು ನೆನಪುಗಳನ್ನು ಬರೆದ. ಗಾಂಧೀಜಿ ಹೋದದ್ದು. ಕೊಯ್ನಾ ಭೂಕಂಪ. ಮಿರಜಿಗೆ ದೊಡ್ಡ ಹಳಿಯ ರೈಲುಗಾಡಿ ಬಂದದ್ದು. ಬರಗಾಲದಲ್ಲಿ ಕಲ್ಲು ಒಡೆದದ್ದು. ಮನೆಗೆ ಹೋಗಿ ಯಾರ ವಯಸ್ಸನ್ನೂ ಕೇಳುತ್ತಿರಲಿಲ್ಲ. ಹೆಂಗಸರ ಮುಂದೆ ಕುಳಿತು ಭೂಕಂಪವಾದಾಗ ಮಡಿಲಲ್ಲಿ ಯಾವ ಕೂಸಿತ್ತು ಎಂದು ಕೇಳುತ್ತಿದ್ದ. ಅವರು ಹೇಳುತ್ತ ಹೋಗುತ್ತಿದ್ದರು. ಲೆಕ್ಕವನ್ನು ಇವನು ಮನಸ್ಸಿನಲ್ಲೇ ಮಾಡುತ್ತಿದ್ದ.

ಭಾನುವಾರಗಳಲ್ಲಿ ಅವನ ಜೊತೆ ನಾನೂ ಹೋಗುತ್ತಿದ್ದೆ. ಕೆಂಪವ್ವನ ಮನೆಗೆ ಹೋದ ಮಧ್ಯಾಹ್ನ ನನಗೆ ಪೂರ್ತಿ ನೆನಪಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಜಟ್ಟೆಪ್ಪ ಗೋಡೆಗೆ ಒರಗಿ ಸುಣ್ಣ ತಂಬಾಕು ತಿಕ್ಕುತ್ತಿದ್ದ.

"ಮಾವಶಿ, ಕಾಕಾಗ ಈಗ ಎಷ್ಟ ಆದುವ್ರಿ?" ಎಂದ ಸತ್ಯಪ್ಪ, ಬೇಕೆಂದೇ.

"ನಿಮ್ಮ ಗಿರಣಿ ಕಾಗದಾನ ಕೇಳೋ. ಮೂವತ್ತೆಂಟ ಅಂತ ಬರದೈತಲ್ಲ."

"ಅದಿರ್ಲಿ ಬಿಡ್ರಿ. ಗಾಂಧೀಜಿ ಹೋದಾಗ ಕಾಕಾ ಏನ ಮಾಡತಿದ್ರು?"

"ಏನ ಮಾಡತಾರ! ಗರಡಿಮನ್ಯಾಗ ಮಣ್ಣ ಹೊಡಕೊಂಡ ಬಿದ್ದಿರತಿದ್ರು. ಆಗ ಮೀಸಿ ಚಿಗರಿದ್ದು. ಇವರವ್ವ ನಮ್ಮ ಮನಿಗೆ ಹೆಣ್ಣ ಕೇಳಾಕ ಬಂದಿದ್ಲು. ಸುದ್ದಿ ಬಂತು ನೋಡ, ಊರಿಗೇ ಸೂತಕ ಬಿದ್ದಂಗಾತು. ಮಾತು ಮುಂದ ಹಾಕಿದ್ರು. ನಾ ಇನ್ನೂ ಲಂಗಾದಾಗ ಕುಂಟಾಟ ಆಡತಿದ್ದೆ."

"ಏ ಸತ್ಯಾ, ಆಕಿ ಮಾತ ಕೇಳಬ್ಯಾಡೋ," ಎಂದ ಜಟ್ಟೆಪ್ಪ. "ನನ್ನ ಮುದುಕ ಮಾಡಿ ಕುಂದ್ರಸ್ತಾಳ."

"ನೀವು ಮುದುಕ ಆಗೇ ಹುಟ್ಟೀರಿ, ಅದಕ್ಕ ನಾ ಏನ ಮಾಡ್ಲಿ?"

ಎಲ್ಲರೂ ನಕ್ಕೆವು. ಅವಳು ಬಿಸಿ ರೊಟ್ಟಿಯನ್ನು ನನ್ನ ಕಡೆಯೂ ಒಗೆದು, ಮುಂದಿನದನ್ನು ಕೇಳದೆಯೇ ಹೇಳಿದಳು. ಭೂಕಂಪವಾದಾಗ ಕಿರಿಯ ಮಗ ರಾವಸಾಬ ಹೊಟ್ಟೆಯಲ್ಲಿದ್ದ, ಮೇಲಿನ ನೆಲುವಿನ ಗಡಿಗೆಗಳೆಲ್ಲ ಉರುಳಿದವು, ಆರು ತಿಂಗಳ ಬಸುರಿ ತಾನು ಅಂಗಳಕ್ಕೆ ಓಡಿದ್ದಳು. ದೊಡ್ಡ ಮಗ ದಿಲೀಪ ಆಗ ನಾಲ್ಕು ವರ್ಷದವನು, ಸೆರಗು ಹಿಡಿದುಕೊಂಡಿದ್ದ. ಸತ್ಯಪ್ಪ ಕೈಯಲ್ಲಿ ಪೆನ್ಸಿಲ್ ಹಿಡಿದಿರಲೇ ಇಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಬರೆದ: ಜಟ್ಟೆಪ್ಪ, ನಲವತ್ತೆಂಟು.

"ಒಂದ ವರ್ಷ ಹೆಚ್ಚು ಕಡಿಮಿ ಇದ್ದರ ಕಿವಿ ಹಿಂಡು," ಎಂದು ನನಗೆ ಹೇಳಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ನನಗೂ ಇತ್ತು.

ಮುನ್ನೂರ ಹನ್ನೆರಡು ಮನೆಗಳು. ನಲ್ಲಿಯ ಕಟ್ಟೆಯಿಂದ ಶುರುಮಾಡಿ ಬೇವಿನ ಮರದವರೆಗೆ, ಅಲ್ಲಿಂದ ತಿರುಗಿ ಹಿಂದಿನ ಸಾಲು. ಮರಾಠಿ ಅಕ್ಷರ ನನ್ನವು ಚೆನ್ನಾಗಿದ್ದವು ಎಂದು, ಹೆಸರು ವಯಸ್ಸುಗಳೆಲ್ಲ ಇದ್ದ ಶುದ್ಧಪ್ರತಿಯನ್ನು ನಾನೇ ಬರೆದೆ. ಆದರೆ ಸತ್ಯಪ್ಪ ಗಿರಣಿಗೆ ಮೊದಲು ಕೊಟ್ಟದ್ದು ಬರೀ ಅಂಕಿಗಳ ಹಾಳೆ, ಹೆಸರುಗಳಿಲ್ಲದೆ. ಎರಡು ದಿನ ಬಿಟ್ಟು ಬಾಪೂಸಾಹೇಬರು ಅವನನ್ನು ಕರೆದರು.

"ಅಲ್ಲೋ, ಬರೇ ಅಂಕಿ ನೋಡಿ ಸರಕಾರ ಸಾಲಿ ಕೊಡತೈತೇನು? ಹೆಸರ ಬೇಕು. ಯಾರ ಕೂಸು, ತಂದಿ ಯಾರು, ಎಷ್ಟ ವಯಸ್ಸು. ಪೂರಾ ತಾ." ಸತ್ಯಪ್ಪ ಹಿಂದೆ ಮುಂದೆ ನೋಡುವುದನ್ನು ಕಂಡು ಅವರು ನಕ್ಕರಂತೆ. "ಅಂಜತೀಯೇನು? ನಾನೂ ನಿಮ್ಮವನ ಅಲ್ಲೇನೋ? ನಮ್ಮ ಆಯಿ ಸಾಯೂತನಕಾ ಕನ್ನಡಾನ ಮಾತಾಡಿದ್ಲು."

ಅವನು ಶುದ್ಧಪ್ರತಿಯನ್ನು ಕೊಟ್ಟುಬಂದ. ಆ ಸಂಜೆ ಅದನ್ನು ನನಗೆ ಹೇಳುವಾಗ ಅವನಲ್ಲಿ ಸಂಶಯವಿರಲಿಲ್ಲ. ನನಗೂ ಸಂಶಯ ಬರಲಿಲ್ಲ.

ಗಿರಣಿಯ ವಾರ್ಷಿಕ ಸಭೆಯಲ್ಲಿ ಬಾಪೂಸಾಹೇಬರು ಆ ಅಂಕಿಗಳನ್ನು ಓದಿದರು. ನಮ್ಮ ಚಾಳಿನಲ್ಲಿ ನೂರಕ್ಕೆ ಐವತ್ತೆಂಟು ಜನ ಇಪ್ಪತ್ತರ ಒಳಗಿನವರು, ಅರವತ್ತು ದಾಟಿದವರು ಒಬ್ಬರೋ ಇಬ್ಬರೋ. ಮುಂಬಯಿ, ಪುಣೆ ನಮ್ಮ ಮುಂದೆ ಮುದಿ ಊರುಗಳು. ಸಹಕಾರದ ಭೂಮಿ ಹರೆಯದ ಭೂಮಿ. ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿದ್ದ ಸತ್ಯಪ್ಪ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವನ ಮಾತನ್ನು ಅಷ್ಟು ಜನ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಸಂಕ್ರಾಂತಿ ಕಳೆದ ಮೇಲೆ ಗೇಟಿನ ಮೇಲೆ ಒಂದು ಪಟ್ಟಿ ಅಂಟಿಸಿದರು. ನೂಲುವ ವಿಭಾಗದಲ್ಲಿ ನಲವತ್ತೈದು ದಾಟಿದವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ವಯಸ್ಸನ್ನು ತಪ್ಪು ಹೇಳಿ ಸೇರಿದ್ದರಿಂದ ಅವರ ದೂರನ್ನು ಕೇಳಲಾಗುವುದಿಲ್ಲ. ನಲವತ್ತೊಂದು ಹೆಸರುಗಳಿದ್ದವು. ಬೆಳಗಿನ ಪಾಳಿಯ ಹಾಜರಿಗೆ ಕುಳಿತಿದ್ದ ಸತ್ಯಪ್ಪ ಗದ್ದಲ ಕೇಳಿ ಎದ್ದುಹೋಗಿ ಓದಿದ. ಮೂರನೆಯ ಹೆಸರಿಗೇ ಅವನಿಗೆ ತಿಳಿಯಿತು. ಹೆಸರುಗಳು ಅಕ್ಷರದ ಕ್ರಮದಲ್ಲೂ ಇರಲಿಲ್ಲ, ಸೇರಿದ ವರ್ಷದ ಕ್ರಮದಲ್ಲೂ ಇರಲಿಲ್ಲ. ನಲ್ಲಿಯ ಕಟ್ಟೆಯಿಂದ ಬೇವಿನ ಮರಕ್ಕೆ, ಅಲ್ಲಿಂದ ಹಿಂದಿನ ಸಾಲಿಗೆ. ನಾವು ನಡೆದ ಹಾದಿಯಲ್ಲೇ ಆ ಪಟ್ಟಿಯೂ ನಡೆದಿತ್ತು. ಹದಿನೇಳನೆಯದು ಜಟ್ಟೆಪ್ಪನ ಹೆಸರು.

ಅವನು ನೇರವಾಗಿ ಬಾಪೂಸಾಹೇಬರ ಕೋಣೆಗೆ ಹೋದ. ಅಲ್ಲಿ ನಡೆದದ್ದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೆಂದರೆ, ನಾನೇ ಬಾಗಿಲಲ್ಲಿ ನಿಂತು ಕೇಳಿದಂತೆ ಆಗಿಬಿಟ್ಟಿದೆ.

"ಸಾಹೇಬ್ರ, ಅದನ್ನ ಸಾಲಿಗಂತ ಕೊಟ್ಟಿದ್ದೆ."

"ಸಾಲಿ ಬ್ಯಾಡ ಅಂದೇನೇನು? ಆಗತೈತಿ. ಕುಂದರು, ಚಹಾ ಕುಡಿ."

"ಇವರೆಲ್ಲಾ ನನ್ನ ನಂಬಿ ಹೇಳ್ಯಾರ್ರಿ."

"ಹೇಳಿದ್ದನ್ನ ಬರದಿ. ಬರದದ್ದನ್ನ ನಾ ಓದೇನಿ. ಇದರಾಗ ಯಾರದ ತಪ್ಪು?" ಅವರು ಕಪಾಟಿನಿಂದ ಶುದ್ಧಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟರಂತೆ. "ನೀನ ಹೇಳ. ಇದರಾಗಿನ ವಯಸ್ಸು ಸುಳ್ಳೇನು? ಸುಳ್ಳ ಬರದೇನಿ ಅಂತ ಒಂದ ಮಾತ ಅನ್ನು. ನಿನ್ನ ಕಣ್ಣ ಮುಂದ ಹರದ ಒಗೀತೇನಿ."

ಬಾಪೂಸಾಹೇಬರು ನಿಜವಾಗಿಯೂ ಹರಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಹರಿಯುತ್ತಿರಲಿಲ್ಲ ಎಂದೇ ನಾನು ಅವನಿಗೆ ಇಪ್ಪತ್ತು ವರ್ಷ ಹೇಳುತ್ತ ಬಂದೆ. ಆದರೆ ಸತ್ಯಪ್ಪ ಆ ಕ್ಷಣದಲ್ಲಿ ಯೋಚಿಸಿದ್ದು ಅದನ್ನಲ್ಲ. ಮುನ್ನೂರ ಹನ್ನೆರಡು ಮನೆಗಳ ಮುಂದೆ ಕುಳಿತು ಒಂದು ವರ್ಷವೂ ತಪ್ಪದಂತೆ ಹಿಡಿದ ಲೆಕ್ಕ ಅದು. ಅವನು ತನ್ನ ಕೈಯಾರೆ ಮಾಡಿದ ಒಂದೇ ಒಳ್ಳೆಯ ಕೆಲಸ. ಅದನ್ನು ಸುಳ್ಳು ಎನ್ನಲು ನಾಲಿಗೆ ಏಳಲಿಲ್ಲ. "ಚಹಾ ಆರಿತು, ಕಲ್ಲಯ್ಯಾ," ಎನ್ನುತ್ತಿದ್ದ. "ಚಹಾ ಆರೂತನಕಾ ನಿಂತೇನಿ ನಾ. ಆಮ್ಯಾಲೆ ಹೊರಗ ಬಂದೆ."

ಅದೇ ದಿನ ಕೆಲಸ ಬಿಟ್ಟ. ಬಿಟ್ಟು ಎಲ್ಲಿಗೂ ಓಡಿಹೋಗಲಿಲ್ಲ. ಕೆಂಪವ್ವನ ಮನೆಗೆ ಹೋದ. ನಡೆದದ್ದನ್ನು ಒಂದೂ ಬಿಡದೆ ಹೇಳಿದ, ಚಹಾ ಆರಿದ್ದನ್ನೂ ಹೇಳಿದ. ಅವನ ಹಿಂದೆ ನಾನೂ ಇದ್ದೆ. ಚಾಳಿನ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜಟ್ಟೆಪ್ಪ ಎದ್ದು ಹೊರಗೆ ಹೋದ. ಕೆಂಪವ್ವ ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದಳು:

"ನಾ ನಿಮಗ ವಯಸ್ಸ ಹೇಳಿದ್ನೇನ್ರಿ?"

"ಇಲ್ಲ ಮಾವಶಿ."

"ನನ್ನ ಲಗ್ನದ ಮಾತ ಹೇಳಿದೆ. ಬಸುರಿದ್ದಾಗ ಗಡಿಗಿ ಬಿದ್ದದ್ದ ಹೇಳಿದೆ. ಅದರಾಗಿಂದ ನೀವು ವಯಸ್ಸ ತಕ್ಕೊಂಡ್ರಿ." ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ಆತು, ತಕ್ಕೊಂಡ್ರಿ. ಅಲ್ಲಿ ಆ ಮನಶ್ಯಾ ಕೇಳಿದಾಗ ನಮ್ಮ ಸಲುವಾಗಿ ಒಂದ ಸುಳ್ಳ ಹೇಳಾಕ ಆಗ್ಲಿಲ್ಲೇನ್ರಿ?"

ಸತ್ಯಪ್ಪ ಹೊಸ್ತಿಲ ಕಡೆ ತಿರುಗಿದ.

"ಕುಂದ್ರಿ ಸಾಹೇಬ್ರ," ಎಂದಳು. "ಚಹಾ ಮಾಡತೇನಿ."

ಅವನು ಕೂರಲಿಲ್ಲ. ಚಂದ್ರಭಾಗಾಳ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಮರುವರ್ಷ ಅವಳನ್ನು ಅಥಣಿ ಕಡೆ ಕೊಟ್ಟರು. ಸತ್ಯಪ್ಪ ಮದುವೆಯಾಗಲೇ ಇಲ್ಲ.

ಶಾಲೆಗೆಂದು ಗುರುತು ಹಾಕಿದ್ದ ಜಾಗದಲ್ಲಿ ಮಳೆಗಾಲದೊಳಗೆ ಒಂದು ಉದ್ದನೆಯ ಕಟ್ಟಡ ಎದ್ದಿತು. ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡ, ಮದುವೆಯಾಗದ ಹುಡುಗರು ಮಲಗಲು. ಕೆಲಸ ಹೋದವರಿಗೆ ಗಿರಣಿ ಒಂದು ದಯೆ ತೋರಿಸಿತು: ತಂದೆಯ ಬದಲು ಮಗನನ್ನು ಕಳಿಸಬಹುದು. ಜಟ್ಟೆಪ್ಪನ ದಿಲೀಪನಿಗೆ ಹದಿನಾರು. ಕಾಗದದಲ್ಲಿ ಹದಿನೆಂಟು ಎಂದು ಬರೆಸಿ ಅವನು ಸೇರಿದ. ಅದನ್ನು ಯಾರೂ ತಪ್ಪೆನ್ನಲಿಲ್ಲ. ಮಕ್ಕಳಿಲ್ಲದವರು, ಮಕ್ಕಳು ಇನ್ನೂ ಎಳೆಯರಾಗಿದ್ದವರು ಗಂಟು ಕಟ್ಟಿಕೊಂಡು ಊರಿಗೆ ಹೋದರು. ಮಿರಜ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಜಟ್ಟೆಪ್ಪ ಎಂಟು ವರ್ಷ ಚೀಲ ಹೊತ್ತ. ಒಂದು ದಿನ ಅಲ್ಲೇ ಕುಸಿದುಬಿದ್ದ.

ಸತ್ಯಪ್ಪನಿಗೆ ನಮ್ಮ ಅಂಗಡಿಯಲ್ಲೇ ಕೆಲಸ ಕೊಟ್ಟೆ. ಅರಿಶಿನದ ಚೀಲಗಳ ಮೇಲೆ ಗುರುತು ಬರೆಯುವುದು. ಕುಪವಾಡದ ಕಡೆ ಇರಲಾರೆ ಎಂದು ಕೃಷ್ಣೆಯ ಆಚೆ ಸಾಂಗ್ಲಿವಾಡಿಯಲ್ಲಿ ಕೋಣೆ ಹಿಡಿದ. ದಿನಾ ಬೆಳಿಗ್ಗೆ ಸೇತುವೆ ದಾಟಿ ಬರುತ್ತಿದ್ದ, ಸಂಜೆ ದಾಟಿ ಹೋಗುತ್ತಿದ್ದ. ಬೆರಳ ಸಂದುಗಳು ಸದಾ ಹಳದಿ. ವಾಚನಾಲಯಕ್ಕೆ ಬರುವುದನ್ನು ಬಿಡಲಿಲ್ಲ, ಆದರೆ ಆ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ಒಮ್ಮೆ ಮಾತ್ರ, ಸೇತುವೆಯ ಕಟ್ಟೆಗೆ ಒರಗಿ ನಿಂತಾಗ, ತಾನಾಗಿ ಮಾತು ತೆಗೆದ.

"ಎರಡ ರೀತಿ ಅಂತ ಹೇಳಿದ್ನೆಲ್ಲಾ, ತಪ್ಪು. ಪುಸ್ತಕ ಬರದಾವಗೂ ಗೊತ್ತಿರಲಿಕ್ಕಿಲ್ಲ. ಮುದುಕ ಆಗೂದ್ರಾಗ ಹೊರಗ ಹಾಕಿದ್ರ ಯಾವ ಊರೂ ಹರೇದ್ದ ಇರತೈತಿ. ನಮ್ಮ ಚಾಳಿನಾಗ ಏಳ ವರ್ಷದಾಗ ಎಷ್ಟ ಹೆಣಾ ಹೊತ್ತೀನಿ ಹೇಳ? ಎರಡು. ಮುನ್ನೂರ ಮನಿಯಾಗ ಎರಡ ಹೆಣಾ! ಅದನ್ನ ನೋಡಿ ನಾ ಹಿಗ್ಗಿದೆ. ಎಲ್ಲಿ ಹೋಗಿ ಸಾಯತಾರ ಅಂತ ಕೇಳಲಿಲ್ಲ."

ಇಪ್ಪತ್ತೊಂದು ವರ್ಷದಲ್ಲಿ ಅವನು ಕೆಂಪವ್ವನ ಮನೆಗೆ ಮೂರು ಸಲ ಹೋದ. ಜಟ್ಟೆಪ್ಪ ಸತ್ತಾಗ, ದಿಲೀಪನ ಮದುವೆಯಲ್ಲಿ, ಗಿರಣಿ ಮುಚ್ಚಿದ ವರ್ಷ. ಮೂರು ಸಲವೂ ಅವಳು "ಬರ್ರಿ ಸಾಹೇಬ್ರ" ಎಂದಳು, ಚಹಾ ಕೊಟ್ಟಳು. ಬೇರೆ ಮಾತಾಡಲಿಲ್ಲ. ಚಾಳಿನ ಹೆಂಗಸರು ಯಾರೂ ಇವನ ಎದುರಿಗೆ ಹಳೆಯ ಮಾತು ತೆಗೆಯುತ್ತಿರಲಿಲ್ಲ. ಭೂಕಂಪದ ಮಾತಂತೂ ಇಲ್ಲವೇ ಇಲ್ಲ.

ಈ ವರ್ಷ ಫೆಬ್ರುವರಿ ಎರಡನೆಯ ವಾರ ಅಂಗಡಿಯಲ್ಲಿ ಚೀಲದ ಮೇಲೆ ಕೈಯಿಟ್ಟುಕೊಂಡು ಕುಳಿತವನು ಏಳಲಿಲ್ಲ. ಮಿರಜದ ದವಾಖಾನೆಗೆ ಒಯ್ಯುವ ಹೊತ್ತಿಗೆ ಮುಗಿದಿತ್ತು. ಅವನಿಗೆ ನನ್ನ ಹೊರತು ಯಾರಿದ್ದರು? ಕುಪವಾಡಕ್ಕೆ ಒಂದು ಫೋನು ಮಾಡಿದೆ. ಕೆಂಪವ್ವನ ಕಿರಿಯ ಮಗ ರಾವಸಾಬನಿಗೆ ಅಲ್ಲೊಂದು ಲೇತ್ ಮಶೀನಿನ ಶೆಡ್ಡಿದೆ. ಯಾರಾದರೂ ಬರುತ್ತಾರೆಂಬ ಆಸೆಯೇನೂ ಇರಲಿಲ್ಲ.

ನದಿಯ ದಂಡೆಯ ಸ್ಮಶಾನದಲ್ಲಿ ನಾವು ಏಳೆಂಟು ಜನ ಇದ್ದೆವು, ಅಂಗಡಿಯ ಹಮಾಲರೇ ಹೆಚ್ಚು. ಅಷ್ಟರಲ್ಲಿ ಒಂದು ರಿಕ್ಷಾ ಬಂದು ನಿಂತಿತು. ರಾವಸಾಬ ಇಳಿದು, ತಾಯಿಯ ಕೈ ಹಿಡಿದು ಇಳಿಸಿದ. ಕೆಂಪವ್ವ ತೀರ ಸಣ್ಣಗಾಗಿದ್ದಳು. ಹೆಂಗಸರು ಇಲ್ಲಿಗೆ ಬರುವುದಿಲ್ಲವೆಂದು ಯಾರೋ ಗೊಣಗಿದರು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ. ಬಂದು ಅವನ ಮುಖ ನೋಡಿದಳು. ಅಳಲಿಲ್ಲ. ಬೆರಳ ಸಂದಿನ ಅರಿಶಿನವನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದಳು. ಅದು ಹೋಗಲಿಲ್ಲ.

ನೋಂದಣಿಯ ಮೇಜಿನವನು ಮರಾಠಿಯಲ್ಲಿ ಹೆಸರು ಕೇಳಿದ. ಹೇಳಿದೆ. ಊರು ಕೇಳಿದ. ಹೇಳಿದೆ. ವಯಸ್ಸು ಕೇಳಿದ. ನಲವತ್ತೊಂಬತ್ತು. ನನಗೆ ಗೊತ್ತಿತ್ತು, ಬಾಯಿ ತೆರೆದೂ ಇದ್ದೆ.

"ಮೂವತ್ತೆಂಟ," ಎಂದಳು ಕೆಂಪವ್ವ, ನನ್ನ ಹಿಂದಿನಿಂದ. ಗಿರಣಿಯ ಕಾಗದದಲ್ಲಿ ಜಟ್ಟೆಪ್ಪನಿಗೆ ಇದ್ದ ವಯಸ್ಸು.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ರಾವಸಾಬನಿಗೆ ಕನ್ನಡ ತಿಳಿಯುತ್ತದೆ, ಮಾತಾಡಲು ಬರುವುದು ಕಡಿಮೆ. ಅವನು ತಾಯಿಯನ್ನೊಮ್ಮೆ ನೋಡಿ, ಮರಾಠಿಯಲ್ಲಿ ಅದನ್ನೇ ಹೇಳಿದ. ಮೇಜಿನವನು ಕತ್ತು ಚಾಚಿ ಚಟ್ಟದ ಕಡೆ ನೋಡಿದ. ಸತ್ಯಪ್ಪನ ತಲೆ ಪೂರ್ತಿ ಬೆಳ್ಳಗಿತ್ತು.

"ಆಜೀ, ಕೇಸ ತರ ಪಾಂಢರೇ ಆಹೇತ," ಎಂದ. ಕೂದಲು ಬೆಳ್ಳಗಿವೆಯಲ್ಲಾ ಅಜ್ಜಿ.

"ಚಿಂತೀಗೆ ಬೆಳ್ಳಗಾಗ್ಯಾವ. ಮೂವತ್ತೆಂಟ ಅಂತ ಬರಕೋ ಅಂತ ಹೇಳೋ ಅಂವಗ."

ರಾವಸಾಬ ಹೇಳಿದ. ಅವನು ಬರೆದುಕೊಂಡ.

ಆಗ ಕೆಂಪವ್ವ ನನ್ನ ಕಡೆ ತಿರುಗಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಶುದ್ಧಪ್ರತಿಯ ಅಕ್ಷರ ಯಾರದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ನೀವೇನರ ಹೇಳಾವ್ರ ಇದ್ರೇನು, ಕಲ್ಲಯ್ಯನವ್ರ?"

"ಇಲ್ರಿ ಮಾವಶಿ," ಎಂದೆ. "ಮೂವತ್ತೆಂಟ."